ವೆಂಡೆಲ್ ಪಾಟಲನ ಐದನೆಯ ಪಾತ್ರೆ

ಈಸ್ಟ್ ಹಾರ್ಲೋ ಎಂಬ ಊರಿನಲ್ಲಿ ದೊಡ್ಡ ಮನುಷ್ಯ ಎನ್ನಿಸಿಕೊಳ್ಳಲು ಆಸ್ತಿ ಬೇಕಿಲ್ಲ, ಓದು ಬೇಕಿಲ್ಲ, ಒಂದು ಒಳ್ಳೆಯ ಕೋಟು ಕೂಡ ಬೇಕಿಲ್ಲ. ಚರ್ಚಿನ ಶನಿವಾರದ ಊಟದ ಮೇಜಿನ ಮೇಲೆ ನಿಮ್ಮ ಮನೆಯದೊಂದು ಬೇಯಿಸಿದ ಬೀನ್ಸ್ ಕಾಳಿನ ಪಾತ್ರೆ ಇದ್ದರೆ ಆಯಿತು. ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ಐದಕ್ಕೆ ಸರಿಯಾಗಿ ಚರ್ಚಿನ ಕೆಳಗಿನ ಹಜಾರದಲ್ಲಿ ಐದು ಪಾತ್ರೆಗಳು ಸಾಲಾಗಿ ಕೂರುತ್ತವೆ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ. ಅದರಲ್ಲಿ ಮನೆತನದ ಹೆಸರು, ಕಾಳಿನ ಜಾತಿ, ಆ ಪಾಕವಿಧಾನ ಮನೆಗೆ ಬಂದ ಇಸವಿ. ಅಮೆರಿಕದ ಮೇಯ್ನ್ ಸೀಮೆಯ ಜನ ಬಾಯಿಬಿಟ್ಟು ಜಂಬ ಕೊಚ್ಚುವವರಲ್ಲ. ಇರುವ ಜಂಬವನ್ನೆಲ್ಲ ಆ ಮೂರು ಸಾಲಿನ ಚೀಟಿಯಲ್ಲಿ ಬರೆದಿಟ್ಟು ಸುಮ್ಮನೆ ಪಕ್ಕದಲ್ಲಿ ಸೌಟು ಹಿಡಿದು ನಿಲ್ಲುತ್ತಾರೆ.

ವೆಂಡೆಲ್ ಪಾಟಲನಿಗೆ ಪಾತ್ರೆ ಇರಲಿಲ್ಲ. ಅವನಿಗೆ ಇದ್ದದ್ದು ಕುರ್ಚಿಗಳು. ಮೂವತ್ತೊಂದು ವರ್ಷದಿಂದ ಊಟಕ್ಕೆ ಮೊದಲು ತೊಂಬತ್ತಾರು ಮಡಚುವ ಕುರ್ಚಿಗಳನ್ನು ಬಿಡಿಸಿ ಹಾಕುವುದು, ಊಟವಾದ ಮೇಲೆ ಮಡಚಿ ಒಳಗಿಡುವುದು ಅವನ ಪಾಲಿನ ಸೇವೆ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಈ ಅರವತ್ತಮೂರರ ಮನುಷ್ಯನನ್ನು ಊರಿನಲ್ಲಿ ಕೆಟ್ಟವನೆಂದವರಿಲ್ಲ. ಒಳ್ಳೆಯವನೆಂದು ಹೇಳಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ. ಅವನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಸಾಯುವುದರೊಳಗೆ ಒಂದು ಸಲವಾದರೂ ಆ ಮೇಜಿನ ಮೇಲೆ 'ಪಾಟಲ್' ಎಂಬ ಚೀಟಿ ನೋಡಬೇಕೆಂದು ಅವನಿಗೆ ಆಸೆಯಿತ್ತು. ಹೆಂಡತಿ ಅರ್ಡಿತಳಿಗೂ ಅವನು ಇದನ್ನು ಹೇಳಿಕೊಂಡಿರಲಿಲ್ಲ.

ಹೀಗಿರುವಾಗ ಐದನೆಯ ಪಾತ್ರೆಯ ಒಡತಿ ಬ್ಯೂಲಾ ನೇಸನ್ ಚಳಿ ಸಾಕಾಗಿ ಫ್ಲಾರಿಡಾದ ಮಗಳ ಮನೆಗೆ ಹೊರಟುಹೋದಳು. ಹೋಗುವಾಗ ಪಾಕವನ್ನೂ ಜೊತೆಗೇ ಒಯ್ದಳು. ಮೇಜಿನ ಮೇಲೆ ಒಂದು ಪಾತ್ರೆಯಷ್ಟು ಜಾಗ ಖಾಲಿ ಬಿತ್ತು.

ಊಟದ ಸಮಿತಿಯ ಸಭೆಯಲ್ಲಿ ಆಲ್ಫ್ರೀಡಾ ಸ್ಪ್ರೌಲ್ ಈ ವಿಷಯ ಎತ್ತಿದಳು. ಎಂಬತ್ತೆರಡು ವರ್ಷದ ಆಲ್ಫ್ರೀಡಾ ಐವತ್ತು ವರ್ಷದಿಂದ ಸಮಿತಿಯ ಅಧ್ಯಕ್ಷೆ. ಮೊದಲ ಪಾತ್ರೆ ಅವಳದೇ: 'ಸ್ಪ್ರೌಲ್. ಹಳದಿ ಕಣ್ಣಿನ ಕಾಳು. 1811.' ಅವಳು ಕೇಳಿದ್ದು "ಯಾರಾದ್ರೂ ಇದಾರಾ?" ಎಂದಷ್ಟೆ. ಮೂಲೆಯಲ್ಲಿ ಕುರ್ಚಿ ಮಡಚುತ್ತಿದ್ದ ವೆಂಡೆಲ್‌ನ ಬಾಯಿಂದ ಅವನ ಅಪ್ಪಣೆಯನ್ನೂ ಕಾಯದೆ ಮಾತು ಹೊರಬಿತ್ತು.

"ನಮ್ಮನೇದು ಒಂದಿದೆ, ಮಿಸೆಸ್ ಸ್ಪ್ರೌಲ್."

"ನಿಮ್ಮನೇದಾ? ಯಾರ ಕೈದು?"

"ನಮ್ಮ ಮುತ್ತಜ್ಜಿ ಕೆಜಾಯಾ ಪಾಟಲ್‌ದು. ಗುಂಡಿ ತೋಡಿ, ಕೆಂಡ ಹಾಕಿ, ನೆಲದೊಳಗೆ ಹೂತು ಬೇಯಿಸೋದು."

"ಯಾವ ಇಸವಿ?"

ಇಲ್ಲಿ ವೆಂಡೆಲ್ ಸುಮ್ಮನಿರಬಹುದಿತ್ತು. ಇಲ್ಲವೇ ನಂಬುವಂತಹ ಇಸವಿ ಹೇಳಬಹುದಿತ್ತು. ಆದರೆ ಮೂವತ್ತೊಂದು ವರ್ಷ ಕುರ್ಚಿ ಹಾಕಿದವನಿಗೆ ಒಮ್ಮೆ ಬಾಯಿ ತೆರೆದ ಮೇಲೆ ಹಿಡಿತ ಸಿಗಲಿಲ್ಲ.

"ಸಾವಿರದ ಏಳುನೂರ ಎಂಬತ್ತೆಂಟು."

ಆಲ್ಫ್ರೀಡಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. "ಆಗ ಈ ಊರಲ್ಲಿ ಕರಡಿ ಬಿಟ್ರೆ ಒಂದು ನರಪಿಳ್ಳೆ ಇರ್ಲಿಲ್ಲ."

"ಇದ್ವಿ," ಎಂದಳು ಕಡುಬುಗಳ ಪಟ್ಟಿ ಬರೆಯುತ್ತಿದ್ದ ರಮೋನಾ ಡಾನಾ. ಊರಿನ ಗ್ರಂಥಾಲಯ ನೋಡಿಕೊಳ್ಳುವ ಅವಳು ನದಿಯ ಮೇಲ್ಗಡೆಯ ಪೆನಾಬ್‌ಸ್ಕಾಟ್ ಎಂಬ ಮೂಲನಿವಾಸಿ ಜನದವಳು. "ನೆಲದಲ್ಲಿ ಕಾಳು ಹೂಳೋದನ್ನ ನಿಮ್ಮೋರಿಗೆ ಹೇಳ್ಕೊಟ್ಟಿದ್ದೂ ನಾವೇ. ಮೇಪಲ್ ರಸ, ಕರಡಿ ಕೊಬ್ಬು. ನಾವು ಚೀಟಿ ಬರೆಯೋಕೆ ಹೋದ್ರೆ ಇಸವಿ ಹಿಡಿಸೋ ಕಾಗದ ಸಿಗಲ್ಲ. ನೀವು ಮುಂದುವರಿಸಿ."

ಮುಂದಿನ ಸಭೆಯಲ್ಲಿ ತೀರ್ಮಾನ ಮಾಡುವುದೆಂದು ಸಭೆ ಮುಗಿಯಿತು.

ಕೆಜಾಯಾ ಪಾಟಲ್ ಎಂಬ ಮುತ್ತಜ್ಜಿ ಇದ್ದದ್ದು ನಿಜ. ಅವಳು ಬೀನ್ಸ್ ಬೇಯಿಸಿದ್ದೂ ನಿಜವಿರಬೇಕು, ಆ ಸೀಮೆಯಲ್ಲಿ ಬೇಯಿಸದವರು ಯಾರು? ಆದರೆ ಪಾಕ ಮಾತ್ರ ಅವಳದಲ್ಲ. ಅದು ಕ್ಷೌರದಂಗಡಿಯಲ್ಲಿ ಬಿದ್ದಿದ್ದ ಒಂದು ಪತ್ರಿಕೆಯದು. ಹಾಳೆ ಹರಿಯುವ ಸದ್ದು ಕೇಳಿಸದಂತೆ ವೆಂಡೆಲ್ ಜೋರಾಗಿ ಕೆಮ್ಮಿ ಅದನ್ನು ಕಿತ್ತುಕೊಂಡಿದ್ದ. ಹಳದಿ ಕಣ್ಣಿನ ಕಾಳು, ಉಪ್ಪು ಹಚ್ಚಿದ ಹಂದಿಮಾಂಸ, ಇಡೀ ಈರುಳ್ಳಿ, ಸಾಸಿವೆ ಪುಡಿ, ಕಾಕಂಬಿ. ಇಲ್ಲಿಯವರೆಗೆ ಎಲ್ಲರ ಮನೆಯದೂ ಅದೇ. ಆರನೆಯ ಸಾಲಿನಲ್ಲಿತ್ತು ಎಡವಟ್ಟು: ಕೆಂಟಕಿಯ ಬರ್ಬನ್ ವಿಸ್ಕಿ, ಎರಡು ಬಟ್ಟಲು.

ಆ ಹಜಾರದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಪ್ರತಿಜ್ಞಾಪತ್ರ ತೂಗುತ್ತದೆ. 'ಈ ಸೂರಿನ ಕೆಳಗೆ, ನಮ್ಮ ಯಾರ ನಾಲಿಗೆಯ ಮೇಲೂ, ಮದ್ಯದ ಒಂದು ಹನಿ ಬೀಳದು.' ಕೆಳಗೆ ಊರಿನ ಎಲ್ಲ ಮನೆತನಗಳ ಸಹಿ. ನೂರೈವತ್ತು ವರ್ಷದಿಂದ ಅದು ಮುರಿದಿಲ್ಲವೆಂದು ಊರಿಗೆ ಹೆಮ್ಮೆ. ವೆಂಡೆಲ್ ಕೂಡ ಹುಟ್ಟಿದಾರಭ್ಯ ಮದ್ಯ ಮುಟ್ಟಿದವನಲ್ಲ. ಆದರೆ ಬೆಂದ ಮೇಲೆ ಅದೆಲ್ಲ ಆವಿಯಾಗಿ ಹೋಗುತ್ತದೆಂದು ಪತ್ರಿಕೆಯವರೇ ಬರೆದಿದ್ದರು. ಅಚ್ಚಾದ ಮಾತನ್ನು ನಂಬುವ ತಲೆಮಾರು ಅವನದು.

ಕೈ ಕುದುರಬೇಕಲ್ಲ! ವಾರವಾರ ಅಭ್ಯಾಸ ಶುರುವಾಯಿತು. ಅಡುಗೆಮನೆಯಲ್ಲಿ ಆ ವಾಸನೆ ಬೇಡವೆಂದು ಅರ್ಡಿತ್ ಅವನನ್ನು ಹೊರಗೆ ಅಟ್ಟಿದ್ದಳು. ಗುಟ್ಟು ಬಿಡಬೇಡವೆಂದು ಅವನೂ ಅವಳಿಂದ ಮಾತು ತೆಗೆದುಕೊಂಡಿದ್ದ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ವೆಂಡೆಲ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಾಟಲಿಯಿಂದ ಬಟ್ಟಲಿಗೆ ಬಗ್ಗಿಸುತ್ತಿದ್ದ. ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಳತೆ ನೋಡುತ್ತಿದ್ದ, ಮೂಸುತ್ತಿದ್ದ, ನಿಟ್ಟುಸಿರು ಬಿಡುತ್ತಿದ್ದ. ಆಮೇಲೆ ಸುತ್ತಲೂ ಕಳ್ಳನೋಟ ಬೀರಿ ಬಾಟಲಿಯನ್ನು ಕೋಟಿನೊಳಗೆ ಸೇರಿಸುತ್ತಿದ್ದ.

ಹಿತ್ತಲಾಚೆಯ ಮನೆಯ ವಿನಿಫ್ರೆಡ್ ಟಿಬೆಟ್ಸಳ ಅಡುಗೆಮನೆಯ ಕಿಟಕಿ ಸರಿಯಾಗಿ ಆ ಮೆಟ್ಟಿಲಿಗೆ ಎದುರಾಗಿತ್ತು. ಅವಳು ಚಾಡಿಕೋರಳೇನಲ್ಲ. ಮೊದಲ ವಾರ ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಎರಡನೆಯ ವಾರವೂ ತಡೆದುಕೊಂಡಳು. ಮೂರನೆಯ ವಾರ ವೆಂಡೆಲ್ ಬಟ್ಟಲು ಮೂಸಿದ ಮೇಲೆ ಸನಿಕೆ ಹಿಡಿದು ಹಿತ್ತಲಲ್ಲಿ ಗುಂಡಿ ತೋಡತೊಡಗಿದಾಗ ಅವಳು ಫೋನಿನ ಹತ್ತಿರ ಹೋದಳು. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಈಸ್ಟ್ ಹಾರ್ಲೋಗೆ ವಿಷಯ ತಿಳಿಯಿತು. ಪಾಪ, ವೆಂಡೆಲ್ ಪಾಟಲ್ ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿಕೊಳ್ಳುತ್ತಾನೆ, ಖಾಲಿ ಬಾಟಲಿಗಳನ್ನು ಹಿತ್ತಲಲ್ಲಿ ಹೂಳುತ್ತಾನೆ.

ಈಸ್ಟ್ ಹಾರ್ಲೋ ಜನ ಇಂತಹ ಸುದ್ದಿ ಕೇಳಿ ನಗುವವರಲ್ಲ. ಅವರು ಸಹಾಯ ಮಾಡುತ್ತಾರೆ. ಅವರಿಂದ ತಪ್ಪಿಸಿಕೊಳ್ಳುವುದು ಕಷ್ಟವಾಗುವುದು ಆ ಕಾರಣಕ್ಕೇ.

ಮೊದಲು ತಿಂಡಿಗಳು ಬಂದವು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಒಂದು ತಟ್ಟೆ ಕಾಯುತ್ತಿತ್ತು. ಅರ್ಡಿತಳಿಗೆ ಆಗ ತಾನೇ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು. ಜನ ಎಷ್ಟು ಒಳ್ಳೆಯವರೆಂದು ಅವಳ ಕಣ್ಣು ತುಂಬಿತು. ವಿನಿಫ್ರೆಡ್ ಬಂದು ಅವಳ ಕೈ ಹಿಡಿದುಕೊಂಡಳು.

"ಹೇಗೆ ಸಹಿಸ್ಕೊಂಡಿದೀಯೇ ಅರ್ಡಿತ್?"

"ಏನ್ಮಾಡೋದು, ಬೆಳಿಗ್ಗೆ ಹೊತ್ತು ಜಾಸ್ತಿ."

"ಗೊತ್ತು ಕಣೇ. ಹತ್ತು ಗಂಟೆಗೆ."

"ಹೂಂ, ಹತ್ತರ ಹೊತ್ತಿಗೇ! ನಿಂಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗತ್ತೆ. ಡಾಕ್ಟ್ರಿಗೆ ಹೇಳಿದ್ಯಾ?"

"ಅವ್ರು ವಯಸ್ಸಾದ್ಮೇಲೆ ಇದೆಲ್ಲ ಮಾಮೂಲು ಅಂತಾರೆ."

ವಿನಿಫ್ರೆಡ್ ಮನೆಗೆ ಹೋಗಿ ಇನ್ನೊಂದು ಸೇಬಿನ ಕಡುಬು ಮಾಡಿ ತಂದಳು.

ಆಮೇಲೆ ಪಾದ್ರಿ ಬಂದರು. ಕೊರಿನ್ ಲಿಂಡ್ಲಿ ಎಂಬ ಈ ಪಾದ್ರಿಯಮ್ಮನಿಗೆ ಮೂವತ್ತೆರಡು ವರ್ಷ, ಊರಿಗೆ ಹೊಸಬರು, ಕೈಚೀಲದ ತುಂಬ ಕರಪತ್ರಗಳು. ವೆಂಡೆಲ್‌ಗೆ ದಿಗಿಲಾಯಿತು. ಮುತ್ತಜ್ಜಿಯ ಪಾಕ ಖೋಟಾ ಎಂದು ಸಮಿತಿಗೆ ಅನುಮಾನ ಬಂದು ವಿಚಾರಣೆಗೆ ಕಳಿಸಿದ್ದಾರೆಂದೇ ಅವನ ಲೆಕ್ಕ. ಏನು ಕೇಳಿದರೂ ಎದೆ ಸೆಟೆದು ಉತ್ತರ ಕೊಡಬೇಕೆಂದು ತೀರ್ಮಾನಿಸಿದ.

"ನಾನು ತಪ್ಪು ಹುಡುಕೋಕೆ ಬಂದಿಲ್ಲ ವೆಂಡೆಲ್," ಎಂದರು ಪಾದ್ರಿ ಮೆತ್ತಗೆ. "ಯಾವಾಗಿಂದ ನಡೀತಾ ಇದೆ, ಅಷ್ಟು ಹೇಳಿ."

"ನಮ್ಮ ಮುತ್ತಜ್ಜಿ ಕಾಲದಿಂದ. ಅವಳಿಂದ ಅಜ್ಜಿಗೆ ಬಂತು, ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ರಕ್ತದಲ್ಲೇ ಇದೆ ನೋಡಿ."

ಪಾದ್ರಿಗಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಾಲ್ಕು ತಲೆಮಾರು! ಎಷ್ಟು ದಿನಕ್ಕೊಂದ್ಸಲ?"

"ವಾರ ವಾರ. ಶುಕ್ರವಾರ ಬೆಳಿಗ್ಗೆ ಶುರು ಮಾಡಿದ್ರೆ ಶನಿವಾರ ಮಧ್ಯಾಹ್ನಕ್ಕೆ ಒಂದು ಹದಕ್ಕೆ ಬರತ್ತೆ. ಇದ್ರಲ್ಲಿ ಅವಸರ ಮಾಡಬಾರ್ದು."

"ಒಬ್ಬರೇನಾ?"

"ಒಬ್ಬನೇ. ಅರ್ಡಿತ್ ಒಳಗೆ ಬೇಡ ಅಂದ್ಲು. ಹಿತ್ತಲಲ್ಲಿ ಕೂತ್ಕೊಂಡು ಮಾಡ್ತೀನಿ."

"ನಿಲ್ಲಿಸ್ಬೇಕು ಅಂತ ಯಾವತ್ತೂ ಅನ್ನಿಸಿಲ್ವಾ?"

"ನಿಲ್ಸೋದಾ?" ವೆಂಡೆಲ್ ಗಾಬರಿಯಾದ. "ಪಾದ್ರಿಯಮ್ಮ, ಈಗ ತಾನೇ ಕೈ ಕುದುರ್ತಾ ಇದೆ! ಇಡೀ ಊರಿನ ಎದುರಿಗೆ ಮಾಡಿ ತೋರಿಸ್ಬೇಕು ಅಂತ ನನ್ನಾಸೆ."

ಪಾದ್ರಿಗಳು ಕರಪತ್ರವನ್ನು ಮೇಜಿನ ಮೇಲಿಟ್ಟು, ಅವನ ಭುಜ ತಟ್ಟಿ, ಕಣ್ಣೊರೆಸಿಕೊಳ್ಳುತ್ತ ಕಾರು ಹತ್ತಿದರು. ವಿಚಾರಣೆ ಗೆದ್ದೆನೆಂದು ವೆಂಡೆಲ್ ಖುಷಿಪಟ್ಟ. ಕರಪತ್ರ ದಪ್ಪ ಕಾಗದದ್ದು. ಏನಿದೆಯೆಂದು ಓದದೆಯೇ ಅದರ ಹಿಂದುಗಡೆ ಕಾಕಂಬಿಯ ಅಳತೆ ಬರೆದುಕೊಂಡ.

ಇನ್ನು ಉಳಿದದ್ದು ಬೆಂಕಿಯ ಪರವಾನಗಿ. ಅಲ್ಲಿಯವರೆಗೆ ಗುಂಡಿ ಮೊಳದುದ್ದವಿತ್ತು, ನಾಲ್ಕು ಕೆಂಡ ಸಾಕಾಗುತ್ತಿತ್ತು. ಊಟದ ದೊಡ್ಡ ಪಾತ್ರೆಗೆ ಮೂರಡಿ ಗುಂಡಿ, ಹೊರೆ ಕಟ್ಟಿಗೆ ಬೇಕು. ಬಯಲಲ್ಲಿ ಅಷ್ಟು ಬೆಂಕಿ ಹಾಕುವವರು ಆ ಸೀಮೆಯಲ್ಲಿ ಊರಿನ ಬೆಂಕಿ ಅಧಿಕಾರಿಯ ಚೀಟಿ ಪಡೆಯಲೇಬೇಕು. ಅಧಿಕಾರಿ ಡೆಲ್ಬರ್ಟ್ ಕ್ರೋಲಿ ವೆಂಡೆಲ್‌ನ ಜೊತೆ ಶಾಲೆಯಲ್ಲಿ ಓದಿದವನು. ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದು, ಹನ್ನೆರಡು ವರ್ಷದ ಹಿಂದೆ ಪೂರ್ತಿ ಬಿಟ್ಟು, ಈಗ ಪ್ರತಿ ಮಂಗಳವಾರ ಬಿಡಬೇಕೆನ್ನುವವರ ಕೂಟ ನಡೆಸುತ್ತಿದ್ದ. ಬೀನ್ಸನ್ನು ಮಾತ್ರ ಹುಟ್ಟಿದಾರಭ್ಯ ಮುಟ್ಟಿದವನಲ್ಲ. ಅದರ ಹೆಸರೆತ್ತಿದರೇ ಅವನಿಗೆ ಹೊಟ್ಟೆಯುಬ್ಬರ. ಶನಿವಾರದ ಊಟದಲ್ಲಿ ಅವನು ರೊಟ್ಟಿ, ಕೋಸಿನ ಪಲ್ಯ ತಿಂದು ಏಳುತ್ತಿದ್ದ. ಬೇರೆ ದಿನವಾಗಿದ್ದರೆ ಮೂರಡಿ ಗುಂಡಿ ಎಂದೊಡನೆ ಬೀನ್ಸಿಗೆಂದು ಅವನಿಗೂ ಹೊಳೆಯುತ್ತಿತ್ತು. ಆದರೆ ವಿನಿಫ್ರೆಡಳ ಫೋನು ಅವನಿಗೂ ಬಂದಾಗಿತ್ತು.

"ಹಿತ್ತಲಲ್ಲಿ ಬೆಂಕಿ ಹಾಕ್ಬೇಕು ಡೆಲ್ಬರ್ಟ್. ಯಾತಕ್ಕೆ ಅಂತ ಮಾತ್ರ ಕೇಳ್ಬೇಡ," ಎಂದ ವೆಂಡೆಲ್. ಮನೆತನದ ಪಾಕವನ್ನು ಈಗ ಅಭ್ಯಾಸ ಮಾಡಿ ಕಲಿಯುತ್ತಿರುವ ಗುಟ್ಟು ಡೆಲ್ಬರ್ಟನ ಕಿವಿಗೆ ಬಿದ್ದರೆ ಆಲ್ಫ್ರೀಡಾಳ ಮನೆ ತಲುಪಲು ಹತ್ತು ನಿಮಿಷ ಸಾಕೆಂದು ಅವನಿಗೆ ಭಯ.

"ಕೇಳಲ್ಲ ಬಿಡು. ಗುಂಡಿ ತೋಡಿದೀಯಂತೆ?"

"ಮೂರಡಿ. ಒಳಗಿಟ್ಟು ಮೇಲೆ ಮಣ್ಣು ಮುಚ್ಚಿಬಿಟ್ರೆ ಪಕ್ಕದಲ್ಲಿ ನಿಂತೋರಿಗೂ ಗೊತ್ತಾಗಲ್ಲ."

ಡೆಲ್ಬರ್ಟ್ ಎದ್ದು ಬಾಗಿಲು ಹಾಕಿ ಬಂದ. "ನಾನೂ ತೋಡಿದ್ದೆ ಕಣೋ," ಎಂದ ದನಿ ತಗ್ಗಿಸಿ. "ಕಟ್ಟಿಗೆ ಕೊಟ್ಟಿಗೆ ಒಳಗೆ."

ವೆಂಡೆಲ್‌ಗೆ ಆಶ್ಚರ್ಯವಾಯಿತು. ಬೀನ್ಸ್ ಮುಟ್ಟದವನು ಗುಂಡಿ ತೋಡಿದ್ದಾನೆ! "ನೀನಾ? ಒಂದ್ಸಲಕ್ಕೆ ಎಷ್ಟು ಇಡ್ತಿದ್ದೆ?"

"ಆರು."

"ಆರಾ! ಮನೇಲಿರೋದು ಇಬ್ರು, ಯಾರಿಗೋ ಅಷ್ಟೊಂದು?"

"ನನ್ನೊಬ್ಬನಿಗೇ. ಹೆಂಡ್ತಿಗೆ ಗೊತ್ತೇ ಇರ್ಲಿಲ್ಲ."

ಆರು ಪಾತ್ರೆ ಬೀನ್ಸನ್ನು ಒಬ್ಬನೇ ತಿಂದರೆ ಆಮೇಲೆ ಅದರ ಹೆಸರೆತ್ತಿದರೂ ಹೊಟ್ಟೆ ಉಬ್ಬರಿಸುವುದು ಸಹಜವೇ ಎಂದು ವೆಂಡೆಲ್‌ಗೆ ಅನ್ನಿಸಿತು. ಸ್ನೇಹಿತನ ಮೇಲೆ ಕನಿಕರ ಹುಟ್ಟಿತು. ಡೆಲ್ಬರ್ಟ್ ಪರವಾನಗಿ ಬರೆದು, ಹಿಂದುಗಡೆ ತನ್ನ ಮನೆಯ ಫೋನ್ ನಂಬರನ್ನೂ ಬರೆದುಕೊಟ್ಟ. "ಯಾವ ಹೊತ್ತಲ್ಲಾದ್ರೂ ಸರಿ, ಕೈ ನಡುಗ್ತು ಅಂದ್ರೆ ಫೋನ್ ಮಾಡು. ಓಡಿ ಬರ್ತೀನಿ." ಬೆಂಕಿ ಇಲಾಖೆಯವರು ಇಷ್ಟು ಮುತುವರ್ಜಿ ವಹಿಸುತ್ತಾರೆಂದು ವೆಂಡೆಲ್‌ಗೆ ಗೊತ್ತೇ ಇರಲಿಲ್ಲ.

ಸಮಿತಿಯ ಸಭೆಯಲ್ಲಿ ಏನು ನಡೆಯಿತೆಂಬುದು ಅವನಿಗೆ ತಿಳಿದದ್ದು ಬಹಳ ಆಮೇಲೆ. ಅಲ್ಲಿ ಪಾದ್ರಿಗಳು ಮಾತಾಡಿದರು, ಡೆಲ್ಬರ್ಟ್ ಮಾತಾಡಿದ, ವಿನಿಫ್ರೆಡ್ ಅತ್ತಳು. ಕೊನೆಗೆ ಆಲ್ಫ್ರೀಡಾ ಎರಡು ಮಾತಿನಲ್ಲಿ ಮುಗಿಸಿದಳು. "ಐದನೇ ಪಾತ್ರೆ ಅವನಿಗೇ ಕೊಡಿ. ಕಾಳು ತೊಳೀತಾ, ಕೆಂಡ ಕಾಯ್ತಾ ಕೂತ್ರೆ ಬಾಟಲಿ ಹಿಡಿಯೋಕೆ ಪುರಸೊತ್ತಾದ್ರೂ ಎಲ್ಲಿರತ್ತೆ?" ಹೀಗೆ ಮೂವತ್ತೊಂದು ವರ್ಷ ನಿಯತ್ತಿನಿಂದ ನಡೆದುಕೊಂಡವನಿಗೆ ಸಿಗದ ಪಾತ್ರೆ, ಕುಡುಕನೆಂದು ಹೆಸರಾದ ಮೇಲೆ ಒಂದು ತಿಂಗಳಿಗೆ ಸಿಕ್ಕಿತು. ಪಾಟಲ್ ಮನೆತನದ ಪಾಕದ ಹಿರಿಮೆಗೆ ಸಿಕ್ಕ ಮನ್ನಣೆಯೆಂದೇ ಅವನು ತಿಳಿದ.

ಊಟದ ಶನಿವಾರ ಮಧ್ಯಾಹ್ನ ವೆಂಡೆಲ್ ಗುಂಡಿಯ ಮೇಲಿನ ಮಣ್ಣು ಸರಿಸಿ, ಬೂದಿ ಗುಡಿಸಿ, ಕಬ್ಬಿಣದ ಪಾತ್ರೆಯನ್ನು ಕೊಕ್ಕೆಯಿಂದ ಮೇಲೆತ್ತಿದ. ಹಿಂದಿನ ದಿನ ಮುಚ್ಚಳದ ಸುತ್ತ ಮೆತ್ತಿದ್ದ ಹಿಟ್ಟು ಕಲ್ಲಿನಂತೆ ಗಟ್ಟಿಯಾಗಿತ್ತು. ಆವಿ ಹೊರಗೆ ಹೋಗಬಾರದೆಂದು ಅವನೇ ಅಷ್ಟು ಬಿಗಿಯಾಗಿ ಮೆತ್ತಿದ್ದ. ಆವಿಯ ಜೊತೆ ಹೋಗಬೇಕಾದ ಇನ್ನೊಂದು ವಸ್ತುವಿನ ನೆನಪು ಅವನಿಗೆ ಬರಲಿಲ್ಲ.

ಐದಕ್ಕೆ ಹಜಾರ ತುಂಬಿತು. ಮೇಜಿನ ಕೊನೆಯಲ್ಲಿ, ಸೌತೆಕಾಯಿ ಉಪ್ಪಿನಕಾಯಿಯ ಪಕ್ಕ, ಅವನ ಪಾತ್ರೆ ಕೂತಿತ್ತು. ಅದರ ಮುಂದೆ ಅರ್ಡಿತಳ ಗುಂಡು ಅಕ್ಷರದ ಚೀಟಿ: 'ಪಾಟಲ್. ಹಳದಿ ಕಣ್ಣಿನ ಕಾಳು. 1788.' ವೆಂಡೆಲ್ ಕುರ್ಚಿ ಸರಿಮಾಡುವ ನೆಪದಲ್ಲಿ ಆ ಚೀಟಿಯ ಮುಂದೆ ನಾಲ್ಕು ಸಲ ಓಡಾಡಿದ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಸಾಮಾನ್ಯವಾಗಿ ಹೊಸ ಪಾತ್ರೆಯ ಹತ್ತಿರ ಮೊದಲ ದಿನ ಯಾರೂ ಸುಳಿಯುವುದಿಲ್ಲ. ಅಂದು ದಯೆ ತೋರಿಸಲೆಂದು ಎಲ್ಲರೂ ಒಂದೊಂದು ಸೌಟು ಹಾಕಿಸಿಕೊಂಡರು. ಮೊದಲ ಚಮಚ ಬಾಯಿಗೆ ಹೋದ ಮೇಲೆ ದಯೆಯ ಮಾತು ಯಾರಿಗೂ ನೆನಪಾಗಲಿಲ್ಲ. ಜನ ಎರಡನೆಯ ಸಲ ತಟ್ಟೆ ಹಿಡಿದು ಬಂದರು. ಎಂದೂ ಮಾತಾಡದ ಟಿಬೆಟ್ಸ್ ಯಜಮಾನರು ಪಕ್ಕದವರಿಗೆ ತಮ್ಮ ಮದುವೆಯ ಕಥೆ ಹೇಳತೊಡಗಿದರು. ವಿನಿಫ್ರೆಡಳ ಕೆನ್ನೆ ಕೆಂಪಾಗಿ, ಸುಮ್ಮಸುಮ್ಮನೆ ನಗು ಬಂತು. ರಮೋನಾ ಡಾನಾ ಒಂದು ತುತ್ತು ತಿಂದು, ವೆಂಡೆಲ್‌ನ ಮುಖ ನೋಡಿ, "ನಿಮ್ಮ ಮುತ್ತಜ್ಜಿ ಬಲು ಗಟ್ಟಿಗಿತ್ತಿ ವೆಂಡೆಲ್," ಎಂದು ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡಳು. ಆಲ್ಫ್ರೀಡಾ ಸ್ಪ್ರೌಲ್ ಮೂರು ಸಲ ಹಾಕಿಸಿಕೊಂಡಳು. ಮೂರನೆಯ ಸಲ ಅವಳ ಟೊಪ್ಪಿಗೆ ಒಂದು ಕಡೆಗೆ ವಾಲಿತ್ತು. ಯಾವುದೋ ಪ್ರಾರ್ಥನಾಗೀತೆ ಗುನುಗುತ್ತಿದ್ದಳು. ಡೆಲ್ಬರ್ಟ್ ಒಬ್ಬನೇ ರೊಟ್ಟಿ ಅಗಿಯುತ್ತ ತಣ್ಣಗೆ ಕೂತಿದ್ದ.

ಪಾತ್ರೆಯ ತಳ ಕಾಣುವ ಹೊತ್ತಿಗೆ ಪಾದ್ರಿಗಳು ಎದ್ದು ನಿಂತು ಲೋಟಕ್ಕೆ ಚಮಚ ತಟ್ಟಿದರು. ಅವರೂ ಎರಡು ತಟ್ಟೆ ತಿಂದಿದ್ದರು. ಮಾತು ಸ್ವಲ್ಪ ಧಾರಾಳವಾಗಿಯೇ ಹರಿಯಿತು.

"ಈ ಪಾತ್ರೆ ಸುಮ್ಮನೆ ಪಾತ್ರೆ ಅಲ್ಲ! ಇದು ಒಬ್ಬ ಮನುಷ್ಯನ ಗೆಲುವು. ನಾಲ್ಕು ತಲೆಮಾರಿಂದ ರಕ್ತದಲ್ಲಿ ಬಂದ ಕುಡಿತದ ಜೊತೆ ಹೋರಾಡಿ, ಇವತ್ತು ನಮ್ಮ ಮುಂದೆ ನೆಟ್ಟಗೆ ನಿಂತಿರೋ ನಮ್ಮ ವೆಂಡೆಲ್‌ಗೆ ಎಲ್ರೂ ಚಪ್ಪಾಳೆ ತಟ್ಟಿ!"

ಹಜಾರವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ವೆಂಡೆಲ್ ತನ್ನ ಹಿಂದೆ ಯಾರಾದರೂ ಬೇರೆ ವೆಂಡೆಲ್ ನಿಂತಿದ್ದಾನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಗ ಒಂದೊಂದಾಗಿ ತಲೆಗೆ ಹೊಳೆಯತೊಡಗಿತು: ಕರಪತ್ರ, ಡೆಲ್ಬರ್ಟನ ಆರು, ಮೆಟ್ಟಿಲ ಮೇಲಿನ ಕಡುಬುಗಳು. ಚಪ್ಪಾಳೆಯ ನಡುವೆ ಒಬ್ಬಳೇ ಕೂತಿದ್ದ ಅರ್ಡಿತಳ ಮುಖ ಕಂಡಿತು. ಬಿಳಿಚಿಕೊಂಡಿತ್ತು.

"ಹಾಗಾದ್ರೆ ಆ ತಟ್ಟೆಗಳೆಲ್ಲ ನನ್ನ ಮಂಡಿಗಲ್ವಾ?" ಎಂದಳು ಅವಳು ವಿನಿಫ್ರೆಡಳ ಕಡೆ ತಿರುಗಿ.

"ಮಂಡೀನಾ?" ಎಂದಳು ವಿನಿಫ್ರೆಡ್.

ಸುಮ್ಮನೆ ತಲೆಬಾಗಿ ಕೂತಿದ್ದರೆ ಪಾತ್ರೆ ವೆಂಡೆಲ್‌ನದು, ಚೀಟಿ ಅವನದು, ಸಾಯುವವರೆಗೆ. ನಿಜ ಹೇಳಿದರೆ ಎರಡೂ ಹೋಯಿತು. ಚರ್ಚಿನ ಸೂರಿನಡಿ ಮದ್ಯ ತಂದವನಿಗೆ ಕುರ್ಚಿ ಮಡಚುವ ಕೆಲಸವೂ ಉಳಿಯುವ ಹಾಗಿಲ್ಲ. ಅವನು ಚೀಟಿ ನೋಡಿದ. ಅರ್ಡಿತಳನ್ನು ನೋಡಿದ. ನಲವತ್ತು ವರ್ಷ ತನ್ನ ಜೊತೆ ಬಾಳಿದವಳು ಊರಿನ ಮುಂದೆ ಕುಡುಕನ ಹೆಂಡತಿಯಾಗಿ ಕೂತಿರುವುದನ್ನು ಅವನಿಂದ ನೋಡಲಾಗಲಿಲ್ಲ.

"ನಾನು ಕುಡಿಯಲ್ಲ!" ಎಂದು ಕೂಗಿದ. "ಯಾವತ್ತೂ ಕುಡಿದಿಲ್ಲ! ಆ ಬಾಟಲಿ ನನಗಲ್ಲ, ಬೀನ್ಸಿಗೆ! ಬರ್ಬನ್ ಹಾಕಿ ಬೇಯಿಸಿದ್ದು. ಪಾಕ ನಮ್ಮ ಮುತ್ತಜ್ಜೀದೂ ಅಲ್ಲ, ಕ್ಷೌರದಂಗಡೀಲಿ ಹರ್ಕೊಂಡಿದ್ದು! ನೀವೆಲ್ಲ ಈಗ ತಿಂದಿದ್ದು ಅದನ್ನೇ!"

ಚಪ್ಪಾಳೆ ನಿಂತಿತು. ತೊಂಬತ್ತಾರು ಕುರ್ಚಿಗಳ ಜನ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ತಟ್ಟೆಗಳು ರೊಟ್ಟಿಯಿಂದ ಒರೆಸಿದಷ್ಟು ಖಾಲಿಯಾಗಿದ್ದವು. ಅಲ್ಲಿಂದ ಎಲ್ಲರ ಕಣ್ಣೂ ಗೋಡೆಯ ಮೇಲಿನ ಪ್ರತಿಜ್ಞಾಪತ್ರಕ್ಕೆ ಹೋಯಿತು, ತಂತಮ್ಮ ಮುತ್ತಾತಂದಿರ ಸಹಿಗಳ ಮೇಲೆ ಹರಿದಾಡಿತು.

ಆಲ್ಫ್ರೀಡಾ ಸ್ಪ್ರೌಲ್ ಮೇಜು ಹಿಡಿದುಕೊಂಡು ಎದ್ದಳು. ವಾಲಿದ ಟೊಪ್ಪಿಗೆಯನ್ನು ಸರಿಮಾಡಿಕೊಂಡಳು.

"ಐವತ್ತು ವರ್ಷ ಈ ಊಟ ನೋಡ್ಕೊಂಡಿದೀನಿ. ಒಂದು ಹನಿ ಮದ್ಯ ಬಾಯಿಗೆ ಬಿದ್ರೆ ನನಗೆ ಗೊತ್ತಾಗಲ್ವಾ? ಈ ಬೀನ್ಸಲ್ಲಿ ಏನೂ ಇಲ್ಲ."

"ಇದೆ, ಮಿಸೆಸ್ ಸ್ಪ್ರೌಲ್! ಎರಡು ಬಟ್ಟಲು!"

"ಇಲ್ಲ. ಮೂರು ತಟ್ಟೆ ತಿಂದು ಹೇಳ್ತಿದೀನಿ. ನಾನು ಸುಳ್ಳು ಹೇಳ್ತೀನಾ?"

ಹಜಾರದ ತುಂಬ ಒಂದು ದೊಡ್ಡ ನಿಟ್ಟುಸಿರು ಹೊರಟಿತು. "ಇಲ್ಲ, ಇಲ್ಲ, ಏನೂ ಇರ್ಲಿಲ್ಲ," ಎಂದರು ಒಬ್ಬರು. "ಕಾಕಂಬಿ ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೇ," ಎಂದರು ಇನ್ನೊಬ್ಬರು. ಟಿಬೆಟ್ಸ್ ಯಜಮಾನರು ಮದುವೆಯ ಕಥೆ ಬಿಟ್ಟಲ್ಲಿಂದ ಮುಂದುವರಿಸಿದರು. ಡೆಲ್ಬರ್ಟ್ ಬಂದು ವೆಂಡೆಲ್‌ನ ಹೆಗಲ ಮೇಲೆ ಕೈ ಹಾಕಿದ.

"ನಾನೂ ಹೀಗೇ ಕಣೋ. ತಪ್ಪನ್ನೆಲ್ಲ ಕೆಮ್ಮಿನ ಔಷಧಿ ಮೇಲೆ ಹಾಕ್ತಿದ್ದೆ. ನೀನು ಬೀನ್ಸ್ ಮೇಲೆ ಹಾಕ್ತಿದೀಯ. ಮಂಗಳವಾರ ಏಳಕ್ಕೆ ಬಾ, ಕಾಫಿ ಇರತ್ತೆ."

ಜನ ಮನೆಗೆ ಹೊರಟ ಮೇಲೆ ವೆಂಡೆಲ್ ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದ. ಆಲ್ಫ್ರೀಡಾ ಆಗಲೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲೊಂದು ರೊಟ್ಟಿಯ ತುಂಡು. ಪಾತ್ರೆಯ ಅಂಚಿಗೆ ಅಂಟಿದ್ದ ಕಪ್ಪು ಚಕ್ಕೆಯನ್ನು ಕೆರೆದು ಕೆರೆದು ತಿನ್ನುತ್ತಿದ್ದಳು.

"ಎರಡು ಬಟ್ಟಲು ಅಂದ್ಯಾ?" ಎಂದಳು ತಲೆಯೆತ್ತದೆ.

"ಹೂಂ." ವೆಂಡೆಲ್ ಬಾಗಿಲಲ್ಲೇ ನಿಂತ. "ನಿಮಗೆ ಗೊತ್ತಾಗ್ಲಿಲ್ಲ ಅಂದ್ರಲ್ಲ."

"ಕಾಕಂಬಿ ಹಡಗಲ್ಲಿ ಬರ್ತಿದ್ದ ಊರಿಗೆ ರಮ್ ಬರದೇ ಇರತ್ತೇನೋ ಪೆದ್ದ? ನಮ್ಮಜ್ಜಿ ಸಾಯೋವರೆಗೂ ಬೀನ್ಸಿಗೆ ರಮ್ ಹಾಕ್ತಿದ್ಲು. ಬಾಗಿಲು ಹಾಕ್ಕೊಂಡು ಹಾಕ್ತಿದ್ಲು. ಅವಳು ಹೋದ್ಮೇಲೆ ನಮ್ಮಮ್ಮನಿಗೆ ಧೈರ್ಯ ಸಾಲ್ದೆ ನಿಲ್ಲಿಸಿದ್ಲು. ಎಪ್ಪತ್ತು ವರ್ಷ ಆಗಿತ್ತು ಈ ರುಚಿ ನೋಡಿ." ಅವಳು ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡಳು. "ಮುಂದಿನ ತಿಂಗಳೂ ಎರಡೇ ಹಾಕು. ಜಾಸ್ತಿ ಮಾಡ್ಬೇಡ, ಪಾದ್ರಿಗೆ ತಡಿಯಲ್ಲ."

"ಮುಂದಿನ ತಿಂಗಳಾ? ಪಾತ್ರೆ ನನಗೇ ಇರತ್ತಾ?"

"ಇನ್ಯಾರಿಗೆ?"

"ಆದ್ರೆ ಊರೆಲ್ಲ ನನ್ನನ್ನ ಕುಡುಕ ಅಂದ್ಕೊಂಡಿದೆ!"

"ಅಂದ್ಕೊಳ್ಲಿ ಬಿಡೋ. ಇನ್ಮೇಲೆ ನಿನ್ನ ಕೈಯಲ್ಲಿ ಬಾಟಲಿ ನೋಡಿದ್ರೆ ಯಾರಿಗೂ ಬೀನ್ಸ್ ನೆನಪಾಗಲ್ಲ."

ವೆಂಡೆಲ್ ಪಾತ್ರೆ ತೊಳೆದು, ತೊಂಬತ್ತಾರು ಕುರ್ಚಿಗಳನ್ನೂ ಮಡಚಿಟ್ಟು ಹೊರಗೆ ಬಂದ. ಅರ್ಡಿತ್ ಕಾರಿನಲ್ಲಿ ಕೂತು ಕಾಯುತ್ತಿದ್ದಳು. ಅವನು ಪಾತ್ರೆಯನ್ನು ಹಿಂದಿನ ಸೀಟಿನಲ್ಲಿಟ್ಟು, ಅಡುಗೆಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ, ಗಾಡಿ ಶುರು ಮಾಡದೆ ಅವಳ ಕಡೆ ತಿರುಗಿದ.

"ನಿಂಗೆ ತುಂಬಾ ಅವಮಾನ ಆಯ್ತಾ?"

"ಆಯ್ತು," ಎಂದಳು ಅರ್ಡಿತ್. "ಮೂವತ್ತೊಂದು ವರ್ಷ ಎಲ್ರೂ ನನ್ನ ಹತ್ರ ಏನು ಕೇಳ್ತಿದ್ರು ಗೊತ್ತಾ? 'ನಿಮ್ಮೆಜಮಾನ್ರು ಕುರ್ಚಿ ಹಾಕಿ ಆಯ್ತಾ?' ಅಷ್ಟೇ. ಇವತ್ತು ಬಾಗಿಲಲ್ಲಿ ಏಳು ಜನ ನಿಲ್ಲಿಸಿ ಪಾಕ ಕೇಳಿದ್ರು."

"ಏನಂದೆ?"

"ಮನೆತನದ್ದು, ಕೊಡಲ್ಲ ಅಂದೆ."

ವೆಂಡೆಲ್ ಕೀಲಿ ತಿರುಗಿಸಿದ. ದಾರಿಯುದ್ದಕ್ಕೂ ಜನ ತಮ್ಮ ತಮ್ಮ ಮನೆಯಂಗಳದಲ್ಲಿ ನಿಂತು ಪಾಪವೆನ್ನುವಂತೆ ಅವನತ್ತ ಕೈ ಬೀಸಿದರು. ಅವನೂ ಒಬ್ಬರನ್ನೂ ಬಿಡದೆ ಎಲ್ಲರಿಗೂ ಕೈ ಬೀಸಿದ.